ನಮ್ಮವ್ವನ ಕತೆ ಯಾರು ಬರೀಬೇಕು?

ಸಭೆಗಳಲ್ಲಿ, ಹಾಸ್ಟೆಲ್ ರೂಮುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. 'ಭೂಮಿ ಕೇಳಬೇಕು, ಸ್ಕಾಲರ್‌ಶಿಪ್ ಕೇಳಬೇಕು, ದೌರ್ಜನ್ಯದ ಕೇಸುಗಳಿಗೆ ಓಡಾಡಬೇಕು. ಇಷ್ಟೆಲ್ಲ ಇರುವಾಗ ಅಮೆರಿಕದ ಕರಿಯರು ಬರೆದ ಅವ್ವ ಅಪ್ಪನ ಕತೆ, ಅಡುಗೆಮನೆಯ ಪದ್ಯ ಓದಿಕೊಂಡು ಕೂತರೆ ನಮಗೇನು ಸಿಗುತ್ತೆ?' ನ್ಯಾಯವಾದ ಪ್ರಶ್ನೆ. ಮನೆ, ಸಂಸಾರ ಅಂದರೆ ಹೊಟ್ಟೆ ತುಂಬಿದವರು ಬರೆಯೋ ವಿಷಯ ಅಂತ ನಮ್ಮ ತಲೆಯಲ್ಲಿ ಕೂತಿದೆ. ವಾರಪತ್ರಿಕೆಗಳ ಸಾಂಸಾರಿಕ ಧಾರಾವಾಹಿ ಓದಿದವರಿಗೆ ಹಾಗನ್ನಿಸಿದರೆ ಆಶ್ಚರ್ಯವೂ ಇಲ್ಲ.

ಆದರೆ ಸಂಸಾರ ಅನ್ನೋದು ಎಲ್ಲರಿಗೂ ಪುಕ್ಕಟೆ ಸಿಕ್ಕ ವಸ್ತುವಲ್ಲ. ಹೆಂಡತಿ ತನ್ನವಳು, ಮಗು ತನ್ನದು ಅನ್ನೋ ಮಾತಿಗೂ ಒಡೆಯನ ಅಪ್ಪಣೆ ಬೇಕಾಗಿದ್ದ ಜನ ಈ ಭೂಮಿಯ ಮೇಲೆ ಇದ್ದರು. ಕರಿಯರ ಸಾಹಿತ್ಯ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಸಾಹಿತ್ಯವೂ ಅಲ್ಲಿಂದ ಶುರುವಾಗಬೇಕು ಅನ್ನೋದೇ ಈ ಸಂಪಾದಕೀಯದ ವಾದ.

1662ರಲ್ಲಿ ವರ್ಜೀನಿಯಾ ವಸಾಹತು ಒಂದು ಕಾನೂನು ಮಾಡಿತು. ತಾಯಿ ಗುಲಾಮಳಾದರೆ ಅವಳ ಹೊಟ್ಟೆಯಲ್ಲಿ ಹುಟ್ಟಿದ್ದೂ ಗುಲಾಮ. ತಂದೆ ಯಾರೇ ಆಗಿರಲಿ, ಬಿಳಿಯ ಒಡೆಯನೇ ಆಗಿರಲಿ, ಲೆಕ್ಕಕ್ಕಿಲ್ಲ. ಅಂದರೆ ಗರ್ಭವೇ ಒಡೆಯನ ಆಸ್ತಿ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗಂಡನನ್ನು ಒಬ್ಬ ಕೊಳ್ಳಬಹುದು, ಹೆಂಡತಿಯನ್ನು ಇನ್ನೊಬ್ಬ, ಕೈಕೂಸನ್ನು ಮೂರನೆಯವ.

ಫ್ರೆಡರಿಕ್ ಡಗ್ಲಾಸ್ ಅನ್ನೋ ಗುಲಾಮ ತಪ್ಪಿಸಿಕೊಂಡು ಹೋಗಿ 1845ರಲ್ಲಿ ತನ್ನ ಬದುಕಿನ ಕತೆ ಬರೆದ. ಕೂಸಾಗಿದ್ದಾಗಲೇ ಅವನನ್ನು ತಾಯಿಯಿಂದ ಬೇರೆ ಮಾಡಿದ್ದರು. ಅವಳ ದುಡಿಮೆ ಹನ್ನೆರಡು ಮೈಲಿ ದೂರದಲ್ಲಿ. ಹಗಲೆಲ್ಲ ಹೊಲದಲ್ಲಿ ಗೇದು, ಕತ್ತಲಾದ ಮೇಲೆ ಅಷ್ಟು ದೂರ ನಡೆದು ಬಂದು, ಮಗನ ಪಕ್ಕ ಮಲಗಿ, ಅವನು ಏಳೋದರೊಳಗೆ ಎದ್ದು ಹೊರಟುಹೋಗೋಳು. ಸೂರ್ಯ ಹುಟ್ಟುವಾಗ ಹೊಲದಲ್ಲಿ ಇರದಿದ್ದರೆ ಚಾಟಿ ಏಟು. ಡಗ್ಲಾಸ್ ತನ್ನ ತಾಯಿಯನ್ನು ಕಂಡದ್ದು ಒಟ್ಟು ನಾಲ್ಕೈದು ಸಲ, ಅದೂ ರಾತ್ರಿ. ಅವಳು ಸತ್ತಾಗ ಅವನಿಗೆ ಸುಮಾರು ಏಳು ವರ್ಷ. ಮಣ್ಣಿಗೂ ಬಿಡಲಿಲ್ಲ.

ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ತನ್ನ ಕತೆ ಬರೆದಳು. ಒಡೆಯನ ಕಾಟ ತಾಳಲಾರದೆ ಓಡಿಹೋದವಳು ಅಡಗಿದ್ದು ತನ್ನ ಅಜ್ಜಿಯ ಮನೆಯ ಅಟ್ಟದಲ್ಲೇ. ಒಂಬತ್ತಡಿ ಉದ್ದ, ಏಳಡಿ ಅಗಲ, ಎತ್ತರ ಹೆಚ್ಚಂದರೆ ಮೂರಡಿ. ನೆಟ್ಟಗೆ ಕೂರೋಕೂ ಆಗದ ಜಾಗ. ಅಲ್ಲಿ ಹತ್ತಿರ ಹತ್ತಿರ ಏಳು ವರ್ಷ ಇದ್ದಳು. ಹಲಗೆಗೆ ತೂತು ಕೊರೆದು ಹೊರಗೆ ಆಡೋ ತನ್ನ ಮಕ್ಕಳನ್ನು ನೋಡೋಳು. ಮಕ್ಕಳಿಗೆ ಅವ್ವ ಮೇಲೇ ಇದ್ದಾಳೆ ಅಂತ ಗೊತ್ತಿಲ್ಲ. ಕೂಗೋ ಹಾಗೂ ಇಲ್ಲ.

ಹನ್ನೆರಡು ಮೈಲಿ ನಡೆದ ಆ ತಾಯಿ ಯಾವ ಘೋಷಣೆ ಕೂಗಿದಳು? ಯಾವ ಬಾವುಟ ಹಿಡಿದಳು? ಈ ಕೂಸು ಒಡೆಯನದಲ್ಲ, ನನ್ನದು ಅಂತ ಅವಳು ತನ್ನ ಕಾಲಲ್ಲೇ ಹೇಳಿದಳು. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೆ ಬಿಡುಗಡೆಯಾದ ಜನ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದರು. 'ನನ್ನ ತಾಯಿ ಇಂಥವಳು, ಇಂಥ ಒಡೆಯ ಇಂಥ ಕಡೆ ಮಾರಿದ, ಕಂಡವರು ತಿಳಿಸಿ.' ಇಂಥ ಜಾಹೀರಾತು ದಶಕಗಟ್ಟಲೆ ಬಂದವು. ಬಿಡುಗಡೆಯಾದ ಮನುಷ್ಯ ಮೊದಲು ಹುಡುಕಿದ್ದು ತನ್ನವರನ್ನು.

ಇದೆಲ್ಲ ಸಮುದ್ರದಾಚೆಯ ಮಾತು ಅಂತೀರಾ? ಹಾಗಾದರೆ ನಮ್ಮ ಮಲೆನಾಡಿಗೆ ಬನ್ನಿ.

ಬಿ.ಎಲ್. ರೈಸ್ ಅನ್ನೋ ಇಂಗ್ಲಿಷ್ ಅಧಿಕಾರಿ 1897ರ ಮೈಸೂರು ಗೆಜೆಟಿಯರ್‌ನಲ್ಲಿ ನಮ್ಮ ಬಗ್ಗೆ ಬರೆದಿದ್ದಾನೆ. ಮಲೆನಾಡಿನ ಹೊಲೆಯರು ಹಿಂದೆ ಗುಲಾಮರೇ ಆಗಿದ್ದರು, ಅವರಲ್ಲಿ ಎರಡು ಬಗೆ ಅನ್ನುತ್ತಾನೆ. ಒಬ್ಬ ಹುಟ್ಟಾಳು. ಒಡೆಯನ ಮನೆಯಲ್ಲೇ ಹುಟ್ಟಿ ತಲೆತಲಾಂತರ ಅದೇ ಮನೆಗೆ ಗೇಯೋನು. ಇನ್ನೊಬ್ಬ ಮಣ್ಣಾಳು. ಗದ್ದೆ ಮಾರಿದಾಗ ಗದ್ದೆಯ ಜತೆ ಕೈ ಬದಲಾಯಿಸೋನು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರು ಈ ಎರಡು ಶಬ್ದಗಳನ್ನು ಬಾಯಿಪಾಠ ಮಾಡಬೇಕು. ವರ್ಜೀನಿಯಾದ ಕಾನೂನಿನಲ್ಲಿರೋ ಮಾತೇ 'ಹುಟ್ಟಾಳು' ಅನ್ನೋ ಶಬ್ದದಲ್ಲೂ ಇದೆ. ಹುಟ್ಟಿದ್ದೇ ಆಳಾಗಿ. ಹೆತ್ತವಳಿಗೆ ಕೂಸು, ಒಡೆಯನಿಗೆ ಮುಂದಿನ ಆಳು.

ಆಮೇಲೆ ಜೀತ ಬಂತು. ಜೀತಕ್ಕೆ ಬೀಳೋದು ಹ್ಯಾಗೆ? ಎಷ್ಟೋ ಕಡೆ ಮದುವೆ ಸಾಲದಿಂದ. ಹೆಣ್ಣು ತರೋಕೆ, ಒಂದು ಹೊತ್ತು ನೆಂಟರಿಗೆ ಉಣ್ಣಿಸೋಕೆ ಒಡೇರ ಹತ್ತಿರ ಕೈಚಾಚಬೇಕು. ತಾಳಿ ಕಟ್ಟಿದ ದಿನವೇ ಕುತ್ತಿಗೆಗೆ ಹಗ್ಗ. ಸಂಸಾರ ಮಾಡಬೇಕು ಅಂದರೆ ಆಳಾಗಬೇಕು, ಆಳಾದ ಮೇಲೆ ಸಂಸಾರಕ್ಕೆ ಹೊತ್ತಿಲ್ಲ. ಅಪ್ಪ ತೀರಿಸದ ಸಾಲಕ್ಕೆ ಮಗ ದನ ಕಾಯೋಕೆ ನಿಲ್ಲಬೇಕು. ಜೀತವನ್ನು ಕಾನೂನು ರದ್ದು ಮಾಡಿದ್ದು 1975ರ ಸುಗ್ರೀವಾಜ್ಞೆ, 1976ರ ಕಾಯಿದೆ. ನಮ್ಮ ಅಜ್ಜಂದಿರ ಕಾಲದ ಮಾತು ಗೆಳೆಯರೇ, ಪುರಾಣ ಅಲ್ಲ.

ಇನ್ನು, ಕರಿಯರು ದೂರದವರು ಅನ್ನೋದೂ ಪೂರ್ತಿ ನಿಜ ಅಲ್ಲ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕದಿಂದ ಬಂದವರು. ಎಷ್ಟೋ ಜನ ಗುಲಾಮರಾಗಿ ಹಡಗು ಇಳಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಘಟ್ಟದ ಇದೇ ಮಳೆಯಲ್ಲಿ ನೆನೆಯೋ ಕನ್ನಡದ ಕರಿಯರು ಅವರು.

ಈಗ ಬರವಣಿಗೆಯ ಮಾತು. ನಮ್ಮ ಸಂಸಾರದ ಕತೆ ಇಷ್ಟು ದಿನ ಬರೆದವರು ಯಾರು?

ತೀರ್ಥಹಳ್ಳಿಯ ಕುಪ್ಪಳಿಯಿಂದ ಬಂದ ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಅದರಲ್ಲಿ ಗುತ್ತಿ ಇದ್ದಾನೆ, ತಿಮ್ಮಿ ಇದ್ದಾಳೆ. ಗುತ್ತಿ ಒಬ್ಬ ಒಡೆಯನ ಆಳು, ತಿಮ್ಮಿ ಇನ್ನೊಬ್ಬ ಒಡೆಯನ ಹೊಲಗೇರಿಯವಳು. ಒಬ್ಬರನ್ನೊಬ್ಬರು ಇಷ್ಟಪಟ್ಟರೆ ಸಾಲದು. ತಿಮ್ಮಿ ಕೇರಿ ಬಿಟ್ಟರೆ ಒಬ್ಬ ಗೌಡನಿಗೆ ಒಂದು ಆಳು ನಷ್ಟ, ಅವಳು ಹೆರೋ ಮಕ್ಕಳೂ ನಷ್ಟ. ಅದಕ್ಕೇ ಗುತ್ತಿ ಅವಳನ್ನು ಹಾರಿಸಿಕೊಂಡು ಕಾಡು ಬೀಳಬೇಕಾಗುತ್ತದೆ. ಗುಲಾಮಗಿರಿಯಿಂದ ಜೋಡಿಯಾಗಿ ಓಡಿಹೋದ ಕರಿಯರ ಕತೆ ಓದಿದವರು ಗುತ್ತಿ ತಿಮ್ಮಿಯರನ್ನು ಇನ್ನೊಂದು ಸಲ ಓದಲಿ, ಹೊಸ ಕಣ್ಣು ಬರುತ್ತದೆ. ದೊಡ್ಡ ಮನಸ್ಸಿನ ಬರವಣಿಗೆ ಅದು, ಅನುಮಾನ ಬೇಡ.

ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು. ಸಾಲ ತೀರಿಸೋಕೆ ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಬೇರೆ ಮತಕ್ಕೆ ಸೇರಿ ಮನೆ ಬಿಡುತ್ತಾನೆ. ಬೆಳ್ಳಿಯ ಮೈಯೂ ಸಾಲದ ಲೆಕ್ಕಕ್ಕೆ ಹೋಗುತ್ತದೆ. ನೀರಿಗೆ ಬಿದ್ದ ಹುಡುಗನನ್ನು ಮುಟ್ಟಿ ಎತ್ತೋರು ಇಲ್ಲ. ಒಂದು ಸಂಸಾರ ಒಂದೊಂದೇ ಎಲೆ ಉದುರಿ ಬೋಳಾಗುತ್ತದೆ. ತೀರ್ಥಹಳ್ಳಿಯ ಮೇಳಿಗೆಯ ಅನಂತಮೂರ್ತಿಯವರು 1973ರಲ್ಲಿ 'ಭಾರತೀಪುರ' ಬರೆದರು. ಹೊಲೆಯರನ್ನು ಗುಡಿಯೊಳಗೆ ಕರೆದುಕೊಂಡು ಹೋಗೋ ಜಗನ್ನಾಥನ ಒಳಗಿನ ತಳಮಳ ನಮಗೆ ಪುಟಗಟ್ಟಲೆ ಗೊತ್ತಾಗುತ್ತದೆ. ಆದರೆ ಆ ಸಂಜೆ ಕೇರಿಗೆ ವಾಪಸಾದ ಪಿಳ್ಳನಿಗೆ ಅವನವ್ವ ಏನಂದಳು? ಬೈದಳಾ, ಅತ್ತಳಾ, ಗಂಜಿ ಬಡಿಸಿ ಸುಮ್ಮನೆ ಕೂತಳಾ? ಜಗನ್ನಾಥನಿಗೆ ಗೊತ್ತಿಲ್ಲ. ಗೊತ್ತಾಗೋದು ಸಾಧ್ಯವೂ ಇಲ್ಲ.

ಇವರನ್ನೆಲ್ಲ ಬೈಯೋದು ನಮ್ಮ ಕೆಲಸ ಅಲ್ಲ. ಜಗಲಿಯ ಮೇಲಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಅವರು ಪ್ರಾಮಾಣಿಕವಾಗಿ ಬರೆದರು. ಒಲೆಯ ಮುಂದೆ ಕೂತವರಿಗೆ ಕಾಣೋದು ಬೇರೆ. ಅದನ್ನು ಬರೀಬೇಕಾದವರು ಒಲೆಯ ಮುಂದೆ ಹುಟ್ಟಿದವರೇ.

ಕರಿಯರು ತಮ್ಮ ಒಲೆಯ ಮುಂದೆ ಕೂತು ಏನು ಬರೆದರು ಅಂತ ನೋಡೋಣ.

ಲ್ಯಾಂಗ್‌ಸ್ಟನ್ ಹ್ಯೂಸ್ ತನ್ನ ಇಪ್ಪತ್ತರ ಆಸುಪಾಸಿನಲ್ಲಿ, 1922ರಲ್ಲಿ, ಒಬ್ಬ ತಾಯಿ ಮಗನ ಹತ್ತಿರ ಮಾತಾಡೋ ಪದ್ಯ ಬರೆದ. ಶಾಲೆಯ ಇಂಗ್ಲಿಷು ಅಲ್ಲ, ಕೇರಿಯ ಇಂಗ್ಲಿಷು. ಅವ್ವನ ಬಾಯಿಯ ಭಾಷೆ ಕಾವ್ಯಕ್ಕೆ ಸಾಕು ಅಂತ ತೋರಿಸಿದ. ರಾಬರ್ಟ್ ಹೇಡನ್ 1962ರಲ್ಲಿ ಅಪ್ಪನ ಮೇಲೆ ಒಂದು ಸಣ್ಣ ಪದ್ಯ ಬರೆದ. ವಾರವೆಲ್ಲ ಮೈಮುರಿದು ದುಡಿದ ಅಪ್ಪ ಭಾನುವಾರವೂ ಚಳಿಯಲ್ಲಿ ಮೊದಲು ಎದ್ದು ಮನೆಗೆ ಬೆಂಕಿ ಮಾಡುತ್ತಾನೆ, ಮಗನ ಬೂಟು ತಿಕ್ಕುತ್ತಾನೆ. ಆ ಮನೆಯಲ್ಲಿ ಸಿಟ್ಟೂ ಇದೆ, ಹೆದರಿಕೆಯೂ ಇದೆ. ಪ್ರೀತಿ ಅಂತ ಬಾಯಲ್ಲಿ ಹೇಳದ ಅಪ್ಪಂದಿರು ಪ್ರೀತಿಯನ್ನು ಎಲ್ಲಿ ಇಟ್ಟಿರುತ್ತಾರೆ ಅನ್ನೋದು ಮಗನಿಗೆ ದೊಡ್ಡವನಾದ ಮೇಲೆ ಗೊತ್ತಾಗುತ್ತದೆ. ಅಡಿಕೆ ಮರದಿಂದ ಇಳಿದು ಬಂದ ಅಪ್ಪನ ಎದೆ, ಅಂಗಾಲು ನೋಡಿದವರಿಗೆ ಈ ಪದ್ಯಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೈಸಿನ್ ಇನ್ ದ ಸನ್' ನಾಟಕ 1959ರದ್ದು. ಕರಿಯ ಹೆಂಗಸೊಬ್ಬಳ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ ಏರಿದ್ದು ಅದೇ ಮೊದಲು. ಅದರಲ್ಲಿ ಇರೋದು ಏನು? ಷಿಕಾಗೋದ ಒಂದು ಇಕ್ಕಟ್ಟಿನ ಮನೆ, ಸತ್ತ ಅಪ್ಪನ ವಿಮೆಯ ಹತ್ತು ಸಾವಿರ ಡಾಲರು. ಆ ದುಡ್ಡಲ್ಲಿ ಮನೆ ಕೊಳ್ಳೋದಾ, ಮಗ ಅಂಗಡಿ ಹಾಕೋದಾ, ಮಗಳು ಡಾಕ್ಟರಿಕೆ ಓದೋದಾ? ಇಷ್ಟೇ ಜಗಳ. ಕೊಂಡ ಮನೆ ಬಿಳಿಯರ ಬೀದಿಯಲ್ಲಿ, 'ಬರಬೇಡಿ, ದುಡ್ಡು ಕೊಡ್ತೀವಿ' ಅಂತ ಹೇಳಿಸಿಕೊಳ್ಳಬೇಕು. ಸಂಸಾರದ ಕತೆಯಾಗೇ ಶುರುವಾದದ್ದು ಹೊಸಿಲು ದಾಟೋದರೊಳಗೆ ರಾಜಕೀಯ ಆಗಿರುತ್ತದೆ. ನಮ್ಮಲ್ಲಿ ಪಟ್ಟಣಕ್ಕೆ ಬಂದು ಬಾಡಿಗೆ ಮನೆ ಕೇಳಿದವರು, 'ನೀವು ಯಾವ ಪೈಕಿ?' ಅಂತ ಕೇಳಿಸಿಕೊಂಡವರು ಈ ನಾಟಕವನ್ನು ಕನ್ನಡದಲ್ಲೇ ಆಡಬಹುದು.

ಇನ್ನೊಂದು ಕಷ್ಟದ ಮಾತಿದೆ. ಅದನ್ನು ದಾಟಿ ಹೋಗೋ ಹಾಗಿಲ್ಲ.

1965ರಲ್ಲಿ ಮೊಯ್ನಿಹಾನ್ ಅನ್ನೋ ಅಮೆರಿಕದ ಸರ್ಕಾರಿ ಅಧಿಕಾರಿ ಒಂದು ವರದಿ ಬರೆದ. ಕರಿಯರ ಸಂಸಾರವೇ ಒಡೆದುಹೋಗಿದೆ, ಹೆಂಗಸರೇ ಮನೆ ನಡೆಸುತ್ತಾರೆ, ಅವರು ಮೇಲೇಳದಿರೋದಕ್ಕೆ ಇದೇ ಮೂಲ ಅನ್ನೋ ಧಾಟಿ. ಮುನ್ನೂರು ವರ್ಷ ಸಂಸಾರ ಒಡೆದವರೇ ಒಡೆದದ್ದಕ್ಕೆ ವರದಿ ಬರೆಯೋದು! ನಮ್ಮ ಕೇರಿಗೂ ಇಂಥ ವರದಿಗಾರರು ಬರುತ್ತಾರೆ. 'ಕುಡೀತಾರೆ, ಹೆಂಡ್ತೀರಿಗೆ ಹೊಡೀತಾರೆ, ಮಕ್ಕಳನ್ನ ಶಾಲೆಗೆ ಕಳಿಸಲ್ಲ' ಅಂತ ಬರಕೊಂಡು ಹೋಗುತ್ತಾರೆ. ಇವರಿಗೆ ಉತ್ತರ ಹೇಳೋ ಹಟದಲ್ಲಿ ನಾವು ಇನ್ನೊಂದು ತುದಿಗೆ ಹೋಗುತ್ತೇವೆ. ನಮ್ಮವ್ವ ಬರೀ ದೇವತೆ, ನಮ್ಮಪ್ಪ ಬರೀ ಹುತಾತ್ಮ. ಪದ್ಯದಲ್ಲಿ ಒಂದು ಬೆವರ ಹನಿ, ಒಂದು ಕಣ್ಣೀರು, ಕೊನೆಗೆ ಒಂದು ಕೆಂಪು ಸೂರ್ಯ. ಮುಗೀತು.

ಆಲಿಸ್ ವಾಕರ್ 1982ರಲ್ಲಿ 'ದ ಕಲರ್ ಪರ್ಪಲ್' ಬರೆದಾಗ ಹೀಗೆ ಮಾಡಲಿಲ್ಲ. ಅಪ್ಪ ಅಂತ ಕರೆಯೋ ಗಂಡಸಿನಿಂದಲೇ ಹಾಳಾದ, ಗಂಡನ ಕೈಯಲ್ಲಿ ಏಟು ತಿಂದ ಸೀಲಿ ಅನ್ನೋ ಕರಿಯ ಹುಡುಗಿ ದೇವರಿಗೆ ಕಾಗದ ಬರೆಯುತ್ತಾಳೆ. 1983ರಲ್ಲಿ ಆ ಪುಸ್ತಕಕ್ಕೆ ಪುಲಿಟ್ಜರ್ ಬಂತು, 1985ರಲ್ಲಿ ಸಿನಿಮಾ ಆಯಿತು. ಆಗ ಕರಿಯ ಗಂಡಸರೇ ಎಷ್ಟೋ ಮಂದಿ ಎದ್ದರು. ಬಿಳಿಯರ ಕೈಗೆ ದೊಣ್ಣೆ ಕೊಟ್ಟೆ, ಮನೆ ಮಾತು ಬೀದಿಗೆ ತಂದೆ ಅಂದರು. ವಾಕರ್ ಹಿಂದೆಗೆಯಲಿಲ್ಲ. ಆ ಕಾದಂಬರಿಯ ಕೊನೆಯಲ್ಲಿ ಹೊಡೆಯುತ್ತಿದ್ದ ಅದೇ ಗಂಡ ಸೀಲಿಯ ಪಕ್ಕ ಕೂತು ಬಟ್ಟೆ ಹೊಲೆಯುತ್ತಾನೆ. ಗಂಡಸು ಬದಲಾಗಬಲ್ಲ ಅನ್ನೋ ನಂಬಿಕೆ ಅವಳಿಗಿತ್ತು. ಅದನ್ನು ಬೈದವರಿಗೆ ಆ ಪುಟ ಕಾಣಲಿಲ್ಲ.

ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಬರೆಯೋ ಹುಡುಗಿಯರು ಇದ್ದಾರೆ. ಅವರ ನೋಟ್‌ಬುಕ್ಕು ಟ್ರಂಕಿನ ತಳದಲ್ಲಿ ಯಾಕಿದೆ? ಅಪ್ಪ ಕುಡಿದು ಬಂದ ರಾತ್ರಿಯನ್ನು ಬರೆದರೆ 'ಮೇಲ್ಜಾತಿಯವರು ನಗ್ತಾರೆ, ಚಳವಳಿಗೆ ಕೆಟ್ಟ ಹೆಸರು' ಅಂತ ನಾವೇ ಹೇಳುತ್ತೇವಲ್ಲ, ಅದಕ್ಕೆ. ಸೊರಬದ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯ ವಿರುದ್ಧ ದಲಿತ ಸಂಘರ್ಷ ಸಮಿತಿ ನಿಂತಾಗ 'ಇದು ನಮ್ಮ ಮನೆತನದ ಹರಕೆ, ನೀವು ಯಾರು ಕೇಳೋಕೆ?' ಅನ್ನೋ ವಾದವೇ ಎದುರಿಗೆ ಬಂದದ್ದು. ಮನೆಯ ಮಾತು ಅಂತ ಮುಚ್ಚಿಟ್ಟಿದ್ದರೆ ಆ ಪದ್ಧತಿ ನಿಲ್ಲುತ್ತಿತ್ತೇ? ಬೀದಿಯಲ್ಲಿ ಸಮಾನತೆ ಕೇಳಿ ಮನೆಗೆ ಬಂದು ಊಟದ ತಟ್ಟೆ ಅಲ್ಲೇ ಬಿಟ್ಟು ಏಳೋ ಗಂಡಸರು ನಾವು. ಈ ತಟ್ಟೆಯ ಕತೆಯೂ ಬರಲಿ.

ಕರಿಯರದ್ದನ್ನು ಹಾಗೇ ನಕಲು ಮಾಡಿ ಅಂತ ಯಾರೂ ಹೇಳುತ್ತಿಲ್ಲ. ನಮಗೂ ಅವರಿಗೂ ನಂಟು ಹಳೆಯದು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ಕರಿಯರ ಬಿಡುಗಡೆಗೆ ದುಡಿದವರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡುಬಾಯ್ಸ್‌ಗೆ ಕಾಗದ ಬರೆದರು, ಉತ್ತರವೂ ಬಂತು. ಆದರೂ ವ್ಯತ್ಯಾಸ ಇದೆ. ಕರಿಯನ ಚರ್ಮ ಎದುರಿಗೇ ಕಾಣುತ್ತದೆ. ನಮ್ಮ ಜಾತಿಯನ್ನು ಕೇಳಿ ತಿಳಿಯಬೇಕು. ಅದಕ್ಕೇ ನಮ್ಮ ಸಂಸಾರಕ್ಕೆ ಅಡಗಿಸಿಡೋ ರೋಗ ಹತ್ತಿದೆ. ಕಾಲೇಜಿನಲ್ಲಿ ಅಪ್ಪನ ಕೆಲಸ ಕೇಳಿದರೆ 'ಅಗ್ರಿಕಲ್ಚರ್' ಅನ್ನುತ್ತೇವೆ. ಗೆಳೆಯರನ್ನು ಊರಿಗೆ ಕರೆಯೋದಿಲ್ಲ. ನೌಕರಿ ಸಿಕ್ಕವರು ಗೃಹಪ್ರವೇಶಕ್ಕೆ ಆಫೀಸಿನವರನ್ನೆಲ್ಲ ಕರೆದು ಹೆತ್ತವ್ವನನ್ನು ಹಿಂದಿನ ದಿನವೇ ಊರಿಗೆ ಕಳಿಸುತ್ತಾರೆ. ಇನ್ನೂ ಒಂದಿದೆ. ಹೊಲೆಯರ ಮನೆಗೂ ಮಾದಿಗರ ಮನೆಗೂ ಹೆಣ್ಣು ಕೊಡೋದು ತರೋದು ಎಷ್ಟಿದೆ? ಗುತ್ತಿ ತಿಮ್ಮಿಯರಿಗೆ ಅಡ್ಡ ನಿಂತವನು ಒಡೆಯ. ಇಲ್ಲಿ ಅಡ್ಡ ನಿಲ್ಲೋರು ನಮ್ಮ ಅಪ್ಪ ಅವ್ವನೇ. ಇದನ್ನು ಯಾವ ಕರಿಯ ಲೇಖಕನೂ ನಮಗಾಗಿ ಬರೆದುಕೊಡೋದಿಲ್ಲ.

ದಾರಿ ಹಾಕಿಕೊಟ್ಟವರು ಕನ್ನಡದಲ್ಲೇ ಇದ್ದಾರೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಹಟ್ಟಿಯ ಒಂದು ರಾತ್ರಿ ಇದೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನೋ ಆ ಸಂತೋಷ! ಬೆಳಗಾದರೆ ಪೊಲೀಸರು. ಹಸಿವಿನ ಮನೆಯಲ್ಲೂ ನಗು ಇದೆ, ಜಗಳ ಇದೆ, ಕಳೆದುಹೋದ ಹುಂಜಕ್ಕೆ ಹಿಡಿಶಾಪ ಇದೆ ಅಂತ ಅಲ್ಲಿಗೆ ಹೋಗಿ ಬಂದವರಿಗೆಲ್ಲ ಗೊತ್ತು. 1975ರಲ್ಲಿ 'ಹೊಲೆಮಾದಿಗರ ಹಾಡು' ಕಟ್ಟಿ ಬೀದಿಯನ್ನೇ ಹಾಡಿಸಿದ ಸಿದ್ಧಲಿಂಗಯ್ಯನವರು ಆಮೇಲೆ 'ಊರುಕೇರಿ' ಬರೆದರು. ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಅವರಲ್ಲಿ ಒಬ್ಬ ತನ್ನ ಅಪ್ಪ. ಅದನ್ನು ಅವರು ಕಿರುಚದೆ ಹೇಳಿದರು. ಅಷ್ಟಕ್ಕೇ ಓದಿದವರ ಎದೆ ಹಿಡಿದುಕೊಂಡಿತು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದ್ದು. ದು. ಸರಸ್ವತಿಯವರ ಸಣ್ತಿಮ್ಮಿ ತನ್ನ ಬಾಯಲ್ಲೇ ರಾಮಾಯಣ ಹೇಳುತ್ತಾಳೆ. ಹಾಡು ಬರೆದವರೇ ಮನೆಯ ಕತೆಯನ್ನೂ ಬರೆದರು. ಒಂದಕ್ಕೆ ಇನ್ನೊಂದು ವೈರಿ ಅಲ್ಲ.

ಇವರಲ್ಲಿ ಹೆಚ್ಚಿನವರು ಬಯಲುಸೀಮೆಯವರು. ನಮ್ಮ ಮೂರು ತಾಲ್ಲೂಕಿನ ಕೇರಿ ಬೇರೆ ಥರ. ಇಲ್ಲಿ ಇಡೀ ಬೀದಿ ಅನ್ನೋದು ಅಪರೂಪ. ಒಂದೊಂದು ದೊಡ್ಡಮನೆಗೆ ನಾಲ್ಕಾರು ಬಿಡಾರ, ನಡುವೆ ಕಾಡು, ಹಳ್ಳ. ಕೂಗಿದರೆ ಕೇಳೋಕೆ ಜನ ಇಲ್ಲ. ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದರು, ಅದಕ್ಕೆ ಚರಿತ್ರೆ ಇದೆ. 1974ರ ತಿದ್ದುಪಡಿ ಆದ ಮೇಲೆ ಗೇಣಿಯವರಿಗೆ ಭೂಮಿ ಬಂತು. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿ ಗೇದವರ ಸಂಸಾರ ಅವತ್ತು ಏನು ಮಾತಾಡಿಕೊಂಡಿತು? ಲಿಂಗನಮಕ್ಕಿ 1964ರಲ್ಲಿ ತುಂಬಿತು. ಸಾಗರದ ನಾ. ಡಿಸೋಜ 'ದ್ವೀಪ'ದಲ್ಲಿ ಗಣಪಯ್ಯನ ಮನೆಯ ಸಂಕಟ ಬರೆದರು. ಪಹಣಿಯೇ ಇಲ್ಲದ ಬಿಡಾರಗಳ ಮೇಲೆ ನೀರು ಬಂದಾಗ ಅವ್ವಂದಿರು ಏನನ್ನು ಎತ್ತಿಕೊಂಡು ನಡೆದರು? ಮಡಕೆಯನ್ನೇ? ಕೋಳಿಯನ್ನೇ? ಹುಗಿದ ಕೂಸಿನ ಜಾಗವನ್ನು ಒಂದು ಸಲ ತಿರುಗಿ ನೋಡಿದರೇ? ಇದನ್ನು ಹೇಳಬಲ್ಲ ಮುದುಕಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರ ಜತೆ ಗ್ರಂಥಾಲಯವೇ ಮಣ್ಣಾಗುತ್ತಿದೆ.

ಆದ್ದರಿಂದ ಗೆಳೆಯರೇ, ಗೆಳತಿಯರೇ, ಒಂದು ಕೆಲಸ. ಮುಂದಿನ ರಜಕ್ಕೆ ಊರಿಗೆ ಹೋದಾಗ ಅವ್ವನ ಹತ್ತಿರ ಕೂತು ಕೇಳಿ. ನಿನ್ನ ಮದುವೆಗೆ ಸಾಲ ಎಲ್ಲಿ ತಂದರು? ತೀರಿಸಿದ್ದು ಯಾರು, ಎಷ್ಟು ವರ್ಷ? ಹೆರಿಗೆ ಆಗಿ ಎಷ್ಟನೇ ದಿನಕ್ಕೆ ನಟ್ಟಿಗೆ ಹೋದೆ? ಕೂಸನ್ನು ಗದ್ದೆ ಅಂಚಿನಲ್ಲಿ ಯಾವುದರಲ್ಲಿ ಮಲಗಿಸಿದೆ? ಆಷಾಢದ ಮಳೆಯಲ್ಲಿ ಅಕ್ಕಿ ಮುಗಿದಾಗ ಕಳಲೆ, ಏಡಿ ಬಿಟ್ಟು ಬೇರೇನು ಬೇಯಿಸಿದೆ? ಅಪ್ಪ ಹೊಡೆದಾಗ ಯಾರ ಮನೆಗೆ ಓಡಿದೆ? ನೀನು ಹಾಡೋ ಸೋಬಾನೆ ಯಾರು ಕಲಿಸಿದರು? ಅಪ್ಪನನ್ನೂ ಕೇಳಿ. ಅವನು ಮೊದಲು ಬೈತಾನೆ, ಆಮೇಲೆ ಹೇಳ್ತಾನೆ. ಅವರು ಹೇಳಿದ ಹಾಗೇ, ಅವರ ಮಾತಲ್ಲೇ ಬರೀರಿ. ಸಂಸ್ಕೃತ ಸೇರಿಸಬೇಡಿ. ಪ್ರಾಸ ಹುಡುಕಬೇಡಿ. ಅವ್ವನಿಗೆ ಓದಿ ಹೇಳಿ. ಅವಳು 'ಹಂಗಲ್ಲ ಮಗಾ, ಹಿಂಗೆ' ಅಂದ ಕಡೆ ತಿದ್ದಿ. ಅವಳಿಗಿಂತ ದೊಡ್ಡ ವಿಮರ್ಶಕರು ಮೈಸೂರಿನಲ್ಲೂ ಇಲ್ಲ.

ಬರೆದದ್ದನ್ನು ಈ ಪತ್ರಿಕೆಗೆ ಕೊಡಿ. ಹುಡುಗಿಯರು ಬೇಕಾದರೆ ಹೆಸರು ಬದಲಿಸಿ ಕೊಡಿ. ಡಗ್ಲಾಸನ ತಾಯಿ ಅಕ್ಷರ ಕಲಿತಿದ್ದಳು ಅಂತ ಅವನಿಗೆ ಆಮೇಲೆ ಕೇಳಿ ಗೊತ್ತಾಯಿತಂತೆ. ಅವಳು ಬರೆದದ್ದು ಒಂದು ಸಾಲೂ ಅವನ ಕೈಗೆ ಸಿಗಲಿಲ್ಲ. ನಮ್ಮವ್ವಂದಿರು ಇನ್ನೂ ಇದ್ದಾರೆ. ಕೇಳೋಕೆ ಹನ್ನೆರಡು ಮೈಲಿ ನಡೆಯಬೇಕಾಗಿಲ್ಲ. ಬಸ್ಸು ಇದೆ.

ಜೈ ಭೀಮ್.